ಮೀನಿಗಿಂತ ಉದ್ದದ ಹುಳು ಮೀನಿನ ಹೊಟ್ಟೆಯಲ್ಲಿ: ತಿಂದವರಿಗೇನು, ಕೆರೆಗೇನು?

ಓದುಗರ ಪ್ರಶ್ನೆ:

"ಇಂಗ್ಲೆಂಡಿನ ಲೆಸ್ಟರ್ ಹತ್ತಿರ ಇದ್ದೇನೆ. ರಜೆಯ ದಿನ ಇಲ್ಲಿನ ಹಳೆಯ ಜಲಾಶಯವೊಂದರಲ್ಲಿ ಗಾಳ ಹಾಕುತ್ತೇನೆ. ಆಗಸ್ಟ್ ಕೊನೆಗೆ ಸಿಕ್ಕ ರೋಚ್ ಮೀನುಗಳಲ್ಲಿ ಕೆಲವಕ್ಕೆ ಹೊಟ್ಟೆ ಉಬ್ಬಿತ್ತು. ಮೊಟ್ಟೆ ಇರಬೇಕೆಂದು ಒಂದನ್ನು ಕೊಯ್ದೆ. ಮೊಟ್ಟೆಯ ಸುಳಿವೇ ಇಲ್ಲ, ಅಗಲ ಶ್ಯಾವಿಗೆಯಂಥ ಮೂರು ಬಿಳಿ ಹುಳುಗಳು ನಿಧಾನವಾಗಿ ಮಿಸುಕಾಡುತ್ತಿದ್ದವು. ಮೀನಿನ ಉದ್ದ 14 ಸೆಂ.ಮೀ., ದೊಡ್ಡ ಹುಳುವಿನದು 28 ಸೆಂ.ಮೀ.! ಅಡುಗೆಮನೆ ತಕ್ಕಡಿಯಲ್ಲಿ ಇಡೀ ಮೀನು 38 ಗ್ರಾಂ ತೂಗಿತು, ಹುಳುಗಳೇ 7 ಗ್ರಾಂ. ಇದೇ ನೀರಿನ ಮೀನನ್ನು ಹೋದ ವರ್ಷ ಹುರಿದು ತಿಂದಿದ್ದೇವೆ, ಮಕ್ಕಳೂ ತಿಂದಿದ್ದಾರೆ. ಮಿದುಳಿಗೆ ಹೋಗುವ ಲಾಡಿಹುಳು ಇದೇನಾ? ಔಷಧಿ ತೆಗೆದುಕೊಳ್ಳಬೇಕೆ? ಇಲ್ಲಿನ ಗಾಳದ ಸಂಘದವರು ಬೇರೆ ಕಡೆಯಿಂದ ಹೊಸ ಮೀನು ತಂದು ಬಿಡುವ ಮಾತಾಡುತ್ತಿದ್ದಾರೆ. ಊರಿನಲ್ಲಿ, ಮಂಡ್ಯ ಜಿಲ್ಲೆಯಲ್ಲಿ, ನನ್ನ ತಂದೆ ಮೀನುಗಾರರ ಸಹಕಾರ ಸಂಘದ ಸದಸ್ಯರು. ಫೋಟೊ ನೋಡಿ ಗಾಬರಿಯಾಗಿ, 'ನಮ್ಮ ಕೆರೆಗೂ ನೀರುಕಾಗೆ ಹಿಂಡುಹಿಂಡಾಗಿ ಬರ್ತಾವೆ, ಅವನ್ನ ಓಡಿಸಬೇಕು, ನೀರಿಗೆ ಔಷಧಿ ಹೊಡೀಬೇಕು' ಅಂತಿದ್ದಾರೆ. ಏನು ಮಾಡುವುದು ಸರಿ?"

ತಜ್ಞರ ಉತ್ತರ:

ಮಕ್ಕಳ ವಿಷಯ ಮೊದಲು ಮುಗಿಸೋಣ. ನೀವು ಕಂಡಿದ್ದು ಲಿಗ್ಯುಲಾ ಎಂಬ ಲಾಡಿಹುಳುವಿನ ಮರಿಹಂತ. ರೋಚ್ ಮೀನು, ಒಡಲಿನೊಳಗೆ ಕರುಳಿನ ಹೊರಗೆ ಸುತ್ತಿಕೊಂಡ ಕೆನೆಬಿಳಿ ಪಟ್ಟಿ, ನಡುವೆ ಉದ್ದಕ್ಕೆ ಒಂದು ಗೆರೆ, ಬರಿಗಣ್ಣಿಗೆ ಗಂಟುಗಂಟಾದ ತುಂಡುಗಳು ಕಾಣದಿರುವುದು, ಇಷ್ಟು ಸೇರಿದರೆ ಬೇರೆ ಹುಳು ಎಂದು ಅನುಮಾನಿಸುವ ಕಾರಣವಿಲ್ಲ. ಅದು ಬೆಳೆದು ಮೊಟ್ಟೆ ಇಡುವುದು ಮೀನು ತಿನ್ನುವ ಹಕ್ಕಿಯ ಕರುಳಿನಲ್ಲಿ. ಮನುಷ್ಯರಲ್ಲಿ ಕಂಡ ಉದಾಹರಣೆಗಳು ಅತಿ ವಿರಳ. ಕರುಳು ತೆಗೆದು, ಚೆನ್ನಾಗಿ ಹುರಿದು ತಿಂದ ಮೀನಿನಿಂದ ನಿಮಗಾಗಲೀ ಮಕ್ಕಳಿಗಾಗಲೀ ಏನೂ ಆಗಿಲ್ಲ. ಔಷಧಿ ಬೇಡ.

ಮಿದುಳಿಗೆ ಹೋಗುವುದು ಬೇರೆ ಹುಳು. ಅದು ಹಂದಿಯ ಲಾಡಿಹುಳು, ಟೀನಿಯಾ ಸೋಲಿಯಂ. ಆ ಹುಳು ಇರುವ ಮನುಷ್ಯನ ಮಲದ ಮೂಲಕ ಹೊರಬಿದ್ದ ಮೊಟ್ಟೆಗಳು ನೀರು, ಸೊಪ್ಪು, ತೊಳೆಯದ ಕೈಗಳಿಂದ ಇನ್ನೊಬ್ಬರ ಹೊಟ್ಟೆ ಸೇರಿದಾಗ ಮಿದುಳಿನಲ್ಲಿ ಗುಳ್ಳೆಗಳಾಗುತ್ತವೆ. ಮಾಂಸವನ್ನೇ ಮುಟ್ಟದವರಿಗೂ ಅದು ಬರುವುದು ಹಾಗೆಯೇ. ಮೀನಿಗೂ ಆ ಕಾಯಿಲೆಗೂ ಯಾವ ನಂಟೂ ಇಲ್ಲ.

ಮೀನಿನಿಂದ ಮನುಷ್ಯನಿಗೆ ನಿಜವಾಗಿ ದಾಟುವ ಲಾಡಿಹುಳು ಒಂದಿದೆ, ಅದನ್ನು ತಿಳಿದಿರುವುದು ಒಳ್ಳೆಯದು. ಡೈಫಿಲೋಬಾತ್ರಿಯಂ ಅದರ ಹೆಸರು. ಬಾಲ್ಟಿಕ್ ಸುತ್ತಿನ ದೇಶಗಳು, ರಷ್ಯಾ, ಆಲ್ಪ್ಸ್ ಬೆಟ್ಟಗಳ ಸರೋವರಗಳು ಇಂಥ ತಣ್ಣೀರಿನ ಪ್ರದೇಶಗಳಲ್ಲಿ ಪೈಕ್, ಪರ್ಚ್ ಮೀನುಗಳಲ್ಲಿ ಅದರ ಮರಿ ಇರುತ್ತದೆ. ಒಡಲಿನಲ್ಲಷ್ಟೇ ಅಲ್ಲ, ಮಾಂಸದೊಳಗೇ ಒಂದೆರಡು ಸೆಂಟಿಮೀಟರಿನ ಬಿಳಿ ದಾರದ ತುಂಡಾಗಿ ಅಡಗಿರುವುದರಿಂದ ಕರುಳು ತೆಗೆದ ಮಾತ್ರಕ್ಕೆ ಹೋಗುವುದಿಲ್ಲ. ಹಸಿಯಾಗಿ ಇಲ್ಲವೇ ಬರೀ ಉಪ್ಪು, ನಿಂಬೆರಸ ಹಾಕಿ ತಿಂದವರ ಕರುಳಿನಲ್ಲಿ ಅದು ಮೀಟರುಗಟ್ಟಲೆ ಬೆಳೆಯುತ್ತದೆ. ಕೆಲವರಲ್ಲಿ ಬಿ-12 ಜೀವಸತ್ವ ಕಡಿಮೆಯಾಗಿ ರಕ್ತಹೀನತೆ ಬರುತ್ತದೆ. ನಿಯಮ ಸರಳ: ಮೀನಿನ ದಪ್ಪ ಭಾಗದ ಒಳಗೆ 63 ಡಿಗ್ರಿ ಸೆಲ್ಸಿಯಸ್ ಮುಟ್ಟಬೇಕು. ನಮ್ಮ ಸಾರು, ಹುರಿದ ಮೀನು ಇದನ್ನು ಸುಲಭವಾಗಿ ದಾಟುತ್ತವೆ. ಹಸಿಯಾಗಿ ತಿನ್ನುವುದಾದರೆ ಮೊದಲು ಮೈನಸ್ 20 ಡಿಗ್ರಿಯಲ್ಲಿ 7 ದಿನ ಇಡಬೇಕು. ಮನೆಯ ಫ್ರೀಜರು, ಅದರಲ್ಲೂ ದಿನಕ್ಕೆ ಹತ್ತು ಸಲ ಬಾಗಿಲು ತೆಗೆಯುವ ಫ್ರೀಜರು, ಆ ಮಟ್ಟ ಕಾಯುತ್ತದೆಂದು ನಂಬಬೇಡಿ. ನಿಂಬೆರಸ, ವಿನೆಗರ್, ಮೆಣಸು ಯಾವುದೂ ಹುಳುವನ್ನು ಕೊಲ್ಲುವುದಿಲ್ಲ.

ಇಟಲಿಯ ಕೆಲವು ಕಡೆ ಹಿಂದೆ ಇದೇ ಲಿಗ್ಯುಲಾವನ್ನು ಚಪ್ಪಟೆ ಮ್ಯಾಕರೋನಿ ಎಂದು ಕರೆದು ತಿನ್ನುತ್ತಿದ್ದರೆಂದು ಹಳೆಯ ಪರಾವಲಂಬಿ ಶಾಸ್ತ್ರದ ಪುಸ್ತಕಗಳು ಹೇಳುತ್ತವೆ. ನಿಮಗೆ ಶ್ಯಾವಿಗೆ ನೆನಪಾದದ್ದು ವಿಚಿತ್ರವೇನಲ್ಲ. ಪ್ರಯೋಗ ಮಾಡಿ ಎಂದು ಹೇಳುತ್ತಿಲ್ಲ.

ನಿಮ್ಮ ಮನೆಯವರ ಚಿಂತೆ ಇಲ್ಲಿಗೆ ಮುಗಿಯಿತು. ಆ ಮೀನಿನ ಕಥೆ ಬೇರೆ.

ನಿಮ್ಮ ತಕ್ಕಡಿಯ ಲೆಕ್ಕವನ್ನು ಹೀಗೆ ಓದಬೇಕು. ಹುಳುಗಳ ತೂಕವನ್ನು ಇಡೀ ಮೀನಿನ ತೂಕಕ್ಕಲ್ಲ, ಹುಳು ಕಳೆದು ಉಳಿದ ಮೀನಿನ ತೂಕಕ್ಕೆ ಹೋಲಿಸಬೇಕು. 38ರಲ್ಲಿ 7 ಕಳೆದರೆ 31 ಗ್ರಾಂ ಮೀನು; 7 ಭಾಗಿಸು 31, ಅಂದರೆ ಸುಮಾರು ನೂರಕ್ಕೆ 23. ಇದು ಭಾರೀ ಸೋಂಕು. ಆದರೆ ಮೀನಿಗೆ ಆಗುವ ಮುಖ್ಯ ನಷ್ಟ ಈ ತೂಕದಿಂದ ಬರುವುದಲ್ಲ. ಮೊಟ್ಟೆಯ ಸುಳಿವೇ ಇಲ್ಲ ಎಂದಿರಲ್ಲ, ಹೆಚ್ಚು ತೂಕದ ಮಾತು ಅದು. ಆಗಸ್ಟಿನಲ್ಲಿ ರೋಚ್ ಮೀನಿನ ಅಂಡಾಶಯ ಹೇಗೂ ಚಿಕ್ಕದೇ, ಅವು ಮೊಟ್ಟೆ ಇಡುವುದು ಏಪ್ರಿಲ್ ಕೊನೆಯಿಂದ ಜೂನ್ ತನಕ. ಆದರೆ ಲಿಗ್ಯುಲಾ ಇರುವ ರೋಚ್ ಮೀನಿನಲ್ಲಿ ಮುಂದಿನ ಏಪ್ರಿಲ್ ಬಂದರೂ ಅದು ಬಲಿಯುವುದಿಲ್ಲ. ಗಂಡಿನಲ್ಲಿ ವೀರ್ಯಗ್ರಂಥಿಯ ಗತಿಯೂ ಅದೇ.

ಹುಳು ಜಾಗ ಆಕ್ರಮಿಸಿ ಅಂಡಾಶಯವನ್ನು ಒತ್ತಿಬಿಡುತ್ತದೆ ಎಂದು ಬಹಳ ಮಂದಿ ತಿಳಿದಿದ್ದಾರೆ. ಊಟ ಕದ್ದು ಸೊರಗಿಸುತ್ತದೆ ಎಂಬುದು ಎರಡನೆಯ ನಂಬಿಕೆ. ಎರಡರಲ್ಲೂ ಸ್ವಲ್ಪ ಸತ್ಯವಿದೆ, ಆದರೆ ಸಣ್ಣ ಹುಳು ಒಂದೇ ಒಂದು ಇದ್ದಾಗಲೂ ಮೀನು ಬೆದೆಗೆ ಬಾರದಿರುವುದನ್ನು ಅವು ವಿವರಿಸುವುದಿಲ್ಲ. ಕಾರಣ ಇನ್ನೂ ಮೇಲಿದೆ. ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಅಂಡಾಶಯಕ್ಕೂ ವೃಷಣಕ್ಕೂ 'ಬೆಳೆ' ಎಂದು ಹಾರ್ಮೋನುಗಳ ಮೂಲಕ ಆಜ್ಞೆ ಕಳಿಸುತ್ತದೆ. ಸೋಂಕಿದ ಮೀನಿನಲ್ಲಿ ಆ ಹಾರ್ಮೋನುಗಳ ಉತ್ಪಾದನೆಯೇ ಕುಗ್ಗಿರುತ್ತದೆ. ಅಂಡಾಶಯ ಹಾಳಾಗಿಲ್ಲ, ಅದಕ್ಕೆ ಆಜ್ಞೆ ಬಂದಿಲ್ಲ. ಮೀನು ಬದುಕಿದೆ, ತಿನ್ನುತ್ತದೆ, ಈಜುತ್ತದೆ. ಸಂತಾನಕ್ಕೆ ಹೋಗಬೇಕಾದ ಶಕ್ತಿ ಉಳಿಯುತ್ತದೆ, ಉಳಿದದ್ದನ್ನು ಬಳಸಿಕೊಳ್ಳಲು ಹುಳು ಅಲ್ಲೇ ಇದೆ.

ಈ ಹುಳುವಿನ ಬದುಕಿನಲ್ಲಿ ಮೂರು ಮನೆ. ಹಕ್ಕಿಯ ಹಿಕ್ಕೆಯೊಂದಿಗೆ ಮೊಟ್ಟೆ ನೀರಿಗೆ ಬೀಳುತ್ತದೆ. ನೀರು ಬೆಚ್ಚಗಿದ್ದರೆ ಒಂದು ವಾರದ ಆಸುಪಾಸಿನಲ್ಲಿ, ತಣ್ಣಗಿದ್ದರೆ ಇನ್ನೂ ತಡವಾಗಿ ಒಡೆದು, ರೋಮಗಳಿಂದ ಈಜುವ ಅತಿ ಸಣ್ಣ ಮರಿ ಹೊರಬರುತ್ತದೆ. ಅದಕ್ಕೆ ಸಿಗುವ ಸಮಯ ಒಂದೆರಡು ದಿನ ಮಾತ್ರ. ಅಷ್ಟರಲ್ಲಿ ನೀರಿನಲ್ಲಿ ತೇಲುವ ಚುಕ್ಕೆಯಷ್ಟು ಸಣ್ಣ ಜೀವಿಯಾದ ಸೈಕ್ಲಾಪ್ಸ್ ಅಥವಾ ಅದರ ನೆಂಟ ಡಯಾಪ್ಟೋಮಸ್ ಅದನ್ನು ನುಂಗಬೇಕು. ಸೈಕ್ಲಾಪ್ಸ್ ಎಂದರೆ ನಮ್ಮ ಹಿರಿಯರಿಗೆ ಅಪರಿಚಿತವಲ್ಲ. ಮೆಟ್ಟಿಲು ಬಾವಿಗಳ ನೀರು ಕುಡಿದವರಿಗೆ ನಾರುಹುಳು ಹತ್ತಿಸುತ್ತಿದ್ದುದು ಅದೇ ಜೀವಿ. ಕರ್ನಾಟಕವೂ ಆ ಕಾಯಿಲೆಯಿಂದ ನರಳಿದ ರಾಜ್ಯ, ಭಾರತ ಅದರಿಂದ ಮುಕ್ತವೆಂದು ಘೋಷಣೆಯಾದದ್ದು 2000ದಲ್ಲಿ. ಲಿಗ್ಯುಲಾ ಹೊತ್ತ ಸೈಕ್ಲಾಪ್ಸನ್ನು ಮೀನು ತಿಂದರೆ ಹುಳು ಅದರ ಕರುಳು ತೂರಿ ಒಡಲಿಗೆ ಇಳಿಯುತ್ತದೆ. ಅಲ್ಲಿ ತಿಂಗಳುಗಟ್ಟಲೆ, ಕೆಲವು ಸಲ ವರ್ಷಗಟ್ಟಲೆ ಇದ್ದು ನೀವು ಕಂಡ ಗಾತ್ರಕ್ಕೆ ಬರುತ್ತದೆ.

ಮೂರನೆಯ ಮನೆ ಹಕ್ಕಿ: ಗುಳುಮುಳುಕ, ನೀರುಕಾಗೆ, ಬಕ, ಕಡಲಹಕ್ಕಿ. ಅದರಲ್ಲಿ ಹುಳುವಿನ ವಾಸ ತೀರಾ ಕಡಿಮೆ. ಬೆಳೆಯುವ ಕೆಲಸವನ್ನೆಲ್ಲ ಮೀನಿನಲ್ಲೇ ಮುಗಿಸಿಕೊಂಡು ಬಂದಿರುವುದರಿಂದ ಅದಕ್ಕೆ ಬೇಕಾದದ್ದು ಹಕ್ಕಿಯ ಮೈಬಿಸಿ ಮಾತ್ರ. ಪರಾವಲಂಬಿ ತಜ್ಞ ಜೆ. ಡಿ. ಸ್ಮಿತ್ 1940ರ ದಶಕದಲ್ಲಿ ಮೀನಿನಿಂದ ತೆಗೆದ ಲಿಗ್ಯುಲಾವನ್ನು ಪ್ರಯೋಗಾಲಯದಲ್ಲಿ 40 ಡಿಗ್ರಿ ಬಿಸಿಯಲ್ಲಿಟ್ಟು, ಹಕ್ಕಿಯೇ ಇಲ್ಲದೆ ಮೊಟ್ಟೆ ಇಡುವ ಹಂತಕ್ಕೆ ತಂದಿದ್ದರು. ಹಕ್ಕಿಯೊಳಗೆ ಎರಡು ಮೂರು ದಿನದಲ್ಲಿ ಬಲಿತು, ಇನ್ನು ಕೆಲವೇ ದಿನ ಮೊಟ್ಟೆ ಉದುರಿಸಿ, ಸತ್ತು ಹೊರಬೀಳುತ್ತದೆ. ನೀರುಕಾಗೆಯ ಪ್ರಶ್ನೆಗೆ ಉತ್ತರ ಇಲ್ಲೇ ಅಡಗಿದೆ, ಆಮೇಲೆ ಬರುತ್ತೇನೆ.

ಗಾಳ ಹಾಕುವವರು ಹೆಚ್ಚಾಗಿ 10ರಿಂದ 15 ಸೆಂ.ಮೀ. ಮೀನುಗಳಲ್ಲೇ ಇದನ್ನು ಕಾಣುವುದಕ್ಕೂ ಕಾರಣವಿದೆ. ರೋಚ್ ಚಿಕ್ಕದಿದ್ದಾಗ ಸೈಕ್ಲಾಪ್ಸಿನಂಥ ತೇಲುಜೀವಿಗಳನ್ನು ಹೆಚ್ಚು ತಿನ್ನುತ್ತದೆ, ದೊಡ್ಡದಾದ ಮೇಲೆ ಬಸವನಹುಳು, ಕೀಟದ ಮರಿ, ಪಾಚಿಗೆ ಹೊರಳುತ್ತದೆ. ಸೋಂಕು ಹತ್ತುವುದು ಬಾಲ್ಯದಲ್ಲಿ. ದೊಡ್ಡ ಮೀನುಗಳು ಶುದ್ಧವಾಗಿ ಕಂಡರೆ ವಾಸಿಯಾಗಿವೆ ಎಂದಲ್ಲ. ಸೋಂಕಿದವು ಆ ವಯಸ್ಸಿಗೆ ಬರುವ ಮೊದಲೇ ಬಹುಪಾಲು ಹೋಗಿರುತ್ತವೆ. ಹೊಟ್ಟೆ ಉಬ್ಬಿದ ಮೀನು ಚುರುಕಾಗಿ ತಿರುಗಲಾರದು, ನೀರಿನ ಮೇಲ್ಭಾಗದಲ್ಲಿ, ದಡದ ಬದಿಯಲ್ಲಿ, ಹಿಂಡಿನಿಂದ ಬೇರೆಯಾಗಿ ಉಳಿಯುತ್ತದೆ. ಬಕಕ್ಕೆ ಬೇಕಾದದ್ದೂ ಅದೇ. ಮೈಯಲ್ಲಿ ಕೊಬ್ಬಿನ ದಾಸ್ತಾನು ಕಡಿಮೆ ಇರುವುದರಿಂದ ಚಳಿಗಾಲದ ಕೊನೆಗೆ ಸಾಯುವವು ಕೆಲವು. ಕೆಲವೊಮ್ಮೆ ಒತ್ತಡಕ್ಕೆ ಹೊಟ್ಟೆಯ ಗೋಡೆಯೇ ಒಡೆಯುತ್ತದೆ.

ಹೊರಗಿನಿಂದಲೇ ಗುರುತಿಸುವುದಾದರೆ ಕಾಲ ನೋಡಿ. ಏಪ್ರಿಲ್-ಮೇ ತಿಂಗಳ ಉಬ್ಬು ಮೊಟ್ಟೆಯದ್ದಿರಬಹುದು, ಜುಲೈ ದಾಟಿದ ಮೇಲಿನ ಗಟ್ಟಿ ಉಬ್ಬು ಅನುಮಾನದ್ದು. ಬ್ಯಾಕ್ಟೀರಿಯಾ ಸೋಂಕಿನ ಜಲೋದರವಾದರೆ ಹೊಟ್ಟೆ ನೀರು ತುಂಬಿ ಮೆತ್ತಗಿರುತ್ತದೆ, ಹುರುಪೆಗಳು ನೆಟ್ಟಗೆ ಏಳುತ್ತವೆ, ಕಣ್ಣು ಹೊರಚಾಚುತ್ತದೆ. ಲಿಗ್ಯುಲಾದಲ್ಲಿ ಹುರುಪೆ ಮೈಗೆ ಅಂಟಿಯೇ ಇರುತ್ತದೆ.

ಇನ್ನು ಜಲಾಶಯ. ಇಂಥ ನೀರಿನಲ್ಲಿ ಮುಂದೇನಾಗುತ್ತದೆ ಎಂಬುದಕ್ಕೆ ಒಳ್ಳೆಯ ದಾಖಲೆ ನಿಮ್ಮ ದೇಶದಲ್ಲೇ ಇದೆ. ಡೆವನ್ ಕರಾವಳಿಯ ಸ್ಲ್ಯಾಪ್ಟನ್ ಲೇ ಸಿಹಿನೀರಿನ ಸರೋವರದಲ್ಲಿ ರೋಚ್ ಮೀನು ಮಿತಿಮೀರಿ ತುಂಬಿ, ಬೆಳವಣಿಗೆ ಕುಂಠಿತವಾಗಿತ್ತು. 1973ರಲ್ಲಿ ದೊಡ್ಡ ಜುಟ್ಟಿನ ಗುಳುಮುಳುಕಗಳು ಅಲ್ಲಿ ಗೂಡು ಕಟ್ಟಿದವು, ಲಿಗ್ಯುಲಾ ಅವುಗಳ ಜೊತೆ ಬಂತು. ಸೋಂಕು ವೇಗವಾಗಿ ಏರಿತು, ರೋಚ್ ಸಂಖ್ಯೆ ಬಿತ್ತು. ರೋಚ್‌ಗಳ ಒತ್ತಡ ಇಳಿದಾಗ, ಅಲ್ಲಿಯವರೆಗೆ ಮೂಲೆಗೆ ಸೇರಿದ್ದ ರಡ್ ಮೀನು ಚೇತರಿಸಿಕೊಂಡಿತು, ಉಳಿದ ರೋಚ್‌ಗಳೂ ಚೆನ್ನಾಗಿ ಬೆಳೆದವು. ಮೀನು ವಿರಳವಾದಾಗ ಹುಳುವಿನ ಸರಪಳಿಯೂ ಸಡಿಲವಾಯಿತು. ಸಿ. ಆರ್. ಕೆನಡಿ ಮತ್ತು ಸಂಗಡಿಗರು 31 ವರ್ಷ ಇದನ್ನು ಹಿಂಬಾಲಿಸಿ, ಇಂಥ ಏರಿಳಿತದ ಮೂರು ಸುತ್ತುಗಳನ್ನು ದಾಖಲಿಸಿ 2001ರಲ್ಲಿ ಪ್ರಕಟಿಸಿದರು.

ಇದರಿಂದ ನಾನು ತೆಗೆಯುವ ಅರ್ಥ ಇಷ್ಟು: ಲಿಗ್ಯುಲಾ ಜೋರಾಗಿ ಕಾಣುವ ನೀರಿನಲ್ಲಿ ಸಾಮಾನ್ಯವಾಗಿ ಮೊದಲೇ ಏನೋ ಕೆಟ್ಟಿರುತ್ತದೆ. ಗೊಬ್ಬರ, ಚರಂಡಿ ನೀರು ಸೇರಿ ತೇಲುಜೀವಿ ಹೆಚ್ಚಿರುತ್ತದೆ, ಒಂದೇ ಜಾತಿಯ ಸಣ್ಣ ಮೀನು ಕಿಕ್ಕಿರಿದಿರುತ್ತದೆ, ಅದನ್ನು ತಿನ್ನುವ ದೊಡ್ಡ ಮೀನು ಇರುವುದಿಲ್ಲ. ಹುಳು ಆ ಸ್ಥಿತಿಯನ್ನು ಬಳಸಿಕೊಳ್ಳುತ್ತದೆ.

ಹಾಗಾದರೆ ಗಾಳದ ಸಂಘದ ಮುಂದಿರುವ ದಾರಿಗಳು? ಹೊಸ ಮೀನು ತಂದು ಬಿಡುವುದು ಎಲ್ಲಕ್ಕಿಂತ ಕೆಟ್ಟದ್ದು. ಬಿಟ್ಟ ಮರಿಗಳು ಅದೇ ಸೈಕ್ಲಾಪ್ಸ್ ತಿಂದು ಅದೇ ಹುಳು ಹತ್ತಿಸಿಕೊಳ್ಳುತ್ತವೆ. ಹುಳುವಿಗೆ ಇನ್ನಷ್ಟು ಮನೆ ಕಟ್ಟಿಕೊಟ್ಟಂತೆ. ಮೇಲಾಗಿ ತಂದ ಮೀನಿನ ಜೊತೆ ಬೇರೆ ಪರಾವಲಂಬಿ ಬರುತ್ತದೆ. ಇಂಗ್ಲೆಂಡಿನಲ್ಲಿ ಒಂದು ನೀರಿನಿಂದ ಇನ್ನೊಂದಕ್ಕೆ ಮೀನು ಸಾಗಿಸಲು ಎನ್ವಿರಾನ್‌ಮೆಂಟ್ ಏಜೆನ್ಸಿಯ ಅನುಮತಿ ಬೇಕೇ ಬೇಕು, ಆ ನಿಯಮ ಸುಮ್ಮನೆ ಮಾಡಿದ್ದಲ್ಲ.

ನೀರಿಗೆ ಔಷಧಿ? ಪ್ರಾಜಿಕ್ವಾಂಟೆಲ್ ಲಾಡಿಹುಳುವನ್ನು ಕೊಲ್ಲುವ ಒಳ್ಳೆಯ ಔಷಧಿ, ತೊಟ್ಟಿಯಲ್ಲಿ. ಲಕ್ಷಾಂತರ ಘನಮೀಟರ್ ನೀರಿನಲ್ಲಿ ಅದಕ್ಕೆ ಅರ್ಥವಿಲ್ಲ. ಒಡಲಿನಲ್ಲಿ ಅರ್ಧ ಅಡಿ ಹುಳು ಸತ್ತರೂ ಅದು ಹೊರಬರಲು ದಾರಿ ಇಲ್ಲ, ಅಲ್ಲೇ ಕೊಳೆಯಬೇಕು. ಕರುಳಿನಲ್ಲಿರುವ ಹುಳುವಾದರೆ ಮಾತು ಬೇರೆ, ಸತ್ತದ್ದು ಮಲದೊಂದಿಗೆ ಹೋಗುತ್ತದೆ.

ಸಣ್ಣ ರೋಚ್‌ಗಳನ್ನು ಬಲೆ ಹಾಕಿ ತೆಳುವಾಗಿಸುವುದು ಕೆಲಸ ಮಾಡಬಲ್ಲ ದಾರಿ. ಆದರೆ ಒಂದೇ ವರ್ಷ ಮಾಡಿ ಬಿಟ್ಟರೆ, ಉಳಿದವುಗಳಿಗೆ ಊಟ ಹೆಚ್ಚಾಗಿ ಮುಂದಿನ ವರ್ಷ ಮರಿಗಳ ಪ್ರವಾಹವೇ ಬರುತ್ತದೆ. ಹಲವು ವರ್ಷ ಬಿಡದೆ ಮಾಡುವ ಶಕ್ತಿ ಇದ್ದರೆ ಮಾತ್ರ ಕೈ ಹಾಕಬೇಕು. ಪೈಕ್, ಪರ್ಚ್ ಆ ನೀರಿನಲ್ಲಿ ಮೊದಲಿಂದ ಇದ್ದರೆ ಅವನ್ನು ಹಿಡಿದು ಒಯ್ಯದೆ ಉಳಿಸಿ. ಸೋಂಕಿದ ರೋಚ್ ಪೈಕ್ ಹೊಟ್ಟೆಗೆ ಹೋದರೆ ಲಿಗ್ಯುಲಾ ಅಲ್ಲಿ ಜೀರ್ಣವಾಗುತ್ತದೆ, ತಣ್ಣನೆ ಮೈಯ ಮೀನಿನಲ್ಲಿ ಅದಕ್ಕೆ ಮೊಟ್ಟೆ ಇಡಲಾಗದು. ಇಲ್ಲದ ನೀರಿಗೆ ಪೈಕ್ ತಂದು ಬಿಡುವುದು ಮಾತ್ರ ಹೊಸ ತಲೆನೋವು. ಏನೂ ಮಾಡದೆ ಲೆಕ್ಕ ಇಡುವುದೂ ಒಂದು ದಾರಿಯೇ. ನಾನಾದರೆ ಸಂಘಕ್ಕೆ ಮೊದಲು ಅದನ್ನೇ ಹೇಳುತ್ತೇನೆ.

ಲೆಕ್ಕ ಇಡುವ ವಿಧಾನ ಸರಿಯಾಗಿರಬೇಕು. ನೀರಿನ ಒಡೆಯರ ಒಪ್ಪಿಗೆ ಮೊದಲು. ಅಲ್ಲಿ ಮೀನು ಒಯ್ಯುವುದಕ್ಕೂ ಕೊಲ್ಲುವುದಕ್ಕೂ ಕಟ್ಟಳೆಗಳಿವೆ. ಉಬ್ಬಿದ ಮೀನನ್ನೇ ಆರಿಸಿ ಕೊಯ್ದರೆ ಇಡೀ ಕೆರೆಗೇ ಸೋಂಕು ಎಂದು ತೋರುತ್ತದೆ. ಸಿಕ್ಕಿದ್ದನ್ನು ಸಿಕ್ಕ ಹಾಗೇ, ಹೊಟ್ಟೆ ನೋಡದೆ, 30 ಮೀನು ತೆಗೆದುಕೊಳ್ಳಿ. ಮೂವತ್ತೇ ಏಕೆ ಅಂದರೆ, ಮೂವತ್ತರಲ್ಲೂ ಹುಳು ಕಾಣದಿದ್ದರೆ ಸೋಂಕು ನೂರಕ್ಕೆ ಹತ್ತಕ್ಕಿಂತ ಕಡಿಮೆ ಎಂದು ನೂರಕ್ಕೆ 95ರ ಭರವಸೆಯಿಂದ ಹೇಳಬಹುದು. ನೂರಕ್ಕೆ ಐದಕ್ಕಿಂತ ಕಡಿಮೆ ಎನ್ನಬೇಕಾದರೆ 59 ಮೀನು ಬೇಕು.

ಮೊದಲು ಉದ್ದ, ತೂಕ ಬರೆದುಕೊಳ್ಳಿ. ಬೆನ್ನಿನ ರೆಕ್ಕೆಯ ಕೆಳಗಿನಿಂದ ನಾಲ್ಕೈದು ಹುರುಪೆ ಕಿತ್ತು ಕಾಗದದ ಲಕೋಟೆಯಲ್ಲಿಡಿ, ಅದರ ಉಂಗುರಗಳಿಂದ ವಯಸ್ಸು ತಿಳಿಯುತ್ತದೆ. ಗುದದ್ವಾರದಿಂದ ಗಂಟಲಿನ ಕಡೆಗೆ ಸಣ್ಣ ಕತ್ತರಿಯಲ್ಲಿ ಕೊಯ್ಯಿರಿ, ತುದಿ ಹೊಟ್ಟೆಯ ಗೋಡೆಯನ್ನು ಎತ್ತಿ ಹಿಡಿದಂತಿರಲಿ. ಒಳಗೆ ಚುಚ್ಚಿದರೆ ಹುಳು ತುಂಡಾಗಿ ಒಂದನ್ನು ಎರಡೆಂದು ಎಣಿಸುತ್ತೀರಿ. ಒಡಲನ್ನು ಲೀಟರಿಗೆ 9 ಗ್ರಾಂ ಉಪ್ಪು ಕರಗಿಸಿದ ನೀರಿನ ತಟ್ಟೆಯಲ್ಲಿ ಬಿಚ್ಚಿದರೆ ಸುರುಳಿಗಳು ತಾವೇ ಸಡಿಲವಾಗುತ್ತವೆ. ಹುಳುಗಳನ್ನು ಎಣಿಸಿ, ಬಟ್ಟೆಯಲ್ಲಿ ಒತ್ತಿ ನೀರು ತೆಗೆದು ತೂಗಿ. ತೂಕ ಮದ್ಯಸಾರಕ್ಕೆ ಹಾಕುವ ಮೊದಲೇ ಆಗಬೇಕು, ಆಮೇಲೆ ಹುಳು ಕುಗ್ಗುತ್ತದೆ. ಹೊಟ್ಟೆ ಒಡೆದ ಮೀನಾದರೆ ಒಂದು ಹುಳು ಮೊದಲೇ ಜಾರಿ ಹೋಗಿರಬಹುದು, ಅದನ್ನೂ ಗುರುತು ಹಾಕಿ. ಅಂಡಾಶಯ ಅಥವಾ ವೃಷಣದ ತೂಕ ಪ್ರತ್ಯೇಕ. ಇದನ್ನು ಮಾರ್ಚ್ ಕೊನೆಯಲ್ಲಿ ಮಾಡಿದರೆ ಶುದ್ಧ ಮೀನಿಗೂ ಸೋಂಕಿದ ಮೀನಿಗೂ ಇರುವ ಅಂತರ ಕಣ್ಣಿಗೆ ಹೊಡೆಯುತ್ತದೆ; ಸೆಪ್ಟೆಂಬರಿನಲ್ಲಿ ಮಾಡಿದರೆ ಅಷ್ಟು ಸ್ಪಷ್ಟವಾಗದು. ಪ್ರಯೋಗಾಲಯಕ್ಕೆ ಕಳಿಸುವ ಹುಳುವನ್ನು ನೂರಕ್ಕೆ 95ರ ಎಥನಾಲಿನಲ್ಲಿ (ಮದ್ಯಸಾರದಲ್ಲಿ) ಇಡಿ. ಫಾರ್ಮಲಿನ್‌ನಲ್ಲಿಟ್ಟರೆ ಡಿಎನ್‌ಎ ಪರೀಕ್ಷೆ ಕಷ್ಟ.

ಕೊಯ್ದ ಕರುಳು, ಹುಳುಗಳನ್ನು ನೀರಿಗೆ ಎಸೆಯಬೇಡಿ, ದಡದಲ್ಲಿ ಕಾದು ಕುಳಿತ ಕಡಲಹಕ್ಕಿಗೂ ಹಾಕಬೇಡಿ. ಜೀವಂತ ಹುಳುವನ್ನು ಹಕ್ಕಿ ನುಂಗಿದರೆ ಉಳಿದ ಕೆಲಸ ಅದು ಮಾಡುತ್ತದೆ. ಚೀಲ ಕಟ್ಟಿ ಕಸದ ಡಬ್ಬಿಗೆ.

ಈಗ ಮಂಡ್ಯದ ಕೆರೆ. ನಿಮ್ಮ ತಂದೆಯವರಿಗೆ ಹೇಳಬೇಕಾದ ಮುಖ್ಯ ಸಂಗತಿ ಒಂದಿದೆ. ಲಿಗ್ಯುಲಾದ ದೊಡ್ಡ ಹೊಡೆತ ಸಂತಾನದ ಮೇಲೆ. ಕಾಟ್ಲಾ, ರೋಹು, ಮೃಗಾಲ್ ನಿಂತ ನೀರಿನ ಕೆರೆಯಲ್ಲಿ ಸಾಮಾನ್ಯವಾಗಿ ಮರಿ ಮಾಡುವುದೇ ಇಲ್ಲ. ಅವಕ್ಕೆ ಮುಂಗಾರಿನ ಹರಿವ ನೀರು ಬೇಕು, ಇಲ್ಲವೇ ಮರಿ ಉತ್ಪಾದನಾ ಕೇಂದ್ರದಲ್ಲಿ ಹಾರ್ಮೋನು ಚುಚ್ಚಬೇಕು. ಸಂಘ ಪ್ರತಿ ವರ್ಷ ಬಿತ್ತನೆ ಮರಿ ಕೊಂಡೇ ಬಿಡುತ್ತದೆ. ಹಾಗಾಗಿ ಇಂಥ ಹುಳು ಬಂದರೂ ಬಿತ್ತಿದ ಗೆಂಡೆಗಳಲ್ಲಿ ಆಗುವ ನಷ್ಟ ತೂಕದ್ದು, ಮರಿಯದ್ದಲ್ಲ. ಮೂರರಲ್ಲಿ ಕಾಟ್ಲಾ ಬದುಕಿನುದ್ದಕ್ಕೂ ತೇಲುಜೀವಿ ಸೋಸಿ ತಿನ್ನುವುದರಿಂದ ಸೈಕ್ಲಾಪ್ಸ್ ಮೂಲಕ ಬರುವ ಹುಳುಗಳಿಗೆ ಹೆಚ್ಚು ತೆರೆದುಕೊಂಡಿರುತ್ತದೆ. ಪರೀಕ್ಷೆಗೆ ಅದನ್ನೇ ಮೊದಲು ಕೊಯ್ಯಲಿ. ಸಂತಾನ ಕಡಿದು ಹೋಗುವ ಅಪಾಯ ಇರುವುದು ಯಾರೂ ಬಿತ್ತದೆ ತಾನಾಗಿ ಬೆಳೆಯುವ ಪಕ್ಕೆಯಂಥ ಸಣ್ಣ ಮೀನುಗಳಿಗೆ. ಇಥಿಯೋಪಿಯಾದ ತಾನಾ ಸರೋವರದಲ್ಲಿ ನಮ್ಮ ಪಕ್ಕೆಗಳ ದೂರದ ನೆಂಟರಾದ ಸಣ್ಣ ಬಾರ್ಬ್ ಮೀನುಗಳಿಗೆ ಲಿಗ್ಯುಲಾ ಹತ್ತಿರುವುದನ್ನು ಅಧ್ಯಯನ ಮಾಡಿದ್ದಾರೆ; ಬೆಚ್ಚನೆ ನೀರು ಅದಕ್ಕೆ ಅಡ್ಡಿಯಲ್ಲ.

ನೀರುಕಾಗೆ ಓಡಿಸುವುದರಿಂದ ಹುಳು ಹೋಗದು. ಹಕ್ಕಿಯಲ್ಲಿ ಅದು ಇರುವುದು ಕೆಲವೇ ದಿನ, ಮೀನಿನಲ್ಲಿ ವರ್ಷಗಟ್ಟಲೆ; ದಾಸ್ತಾನು ಇರುವುದು ಮೀನಿನಲ್ಲಿ. ಪಟಾಕಿ ಹೊಡೆದರೆ ಹಿಂಡು ಪಕ್ಕದ ಕೆರೆಗೆ ಹಾರಿ, ಎರಡು ದಿನ ಬಿಟ್ಟು ಅಲ್ಲಿಂದ ಇನ್ನಷ್ಟು ಹುಳು ಹೊತ್ತು ಮರಳಬಹುದು. ಕೊಲ್ಲುವ ಯೋಚನೆ ಬೇಡವೇ ಬೇಡ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅವಕ್ಕೆ ರಕ್ಷಣೆ ಕೊಟ್ಟಿದೆ. ಬಿತ್ತನೆ ಮರಿಯನ್ನು ನೀರುಕಾಗೆ ತಿಂದು ಮುಗಿಸುತ್ತದೆ ಎಂಬ ದೂರು ಮಾತ್ರ ನಿಜ, ಅದಕ್ಕೆ ಉಪಾಯ ಬೆರಳುದ್ದ ದಾಟಿದ ಬಲಿತ ಮರಿ ಬಿಡುವುದು ಮತ್ತು ಮರಿ ಸಾಕುವ ಕೊಳದ ಮೇಲೆ ದಾರ ಅಥವಾ ಬಲೆ ಎಳೆಯುವುದು.

ನೀರಿಗೆ ಔಷಧಿ ಹೊಡೆಯುವ ಮಾತು ನಾರುಹುಳುವಿನ ಕಾಲದ ನೆನಪಿನಿಂದಲೂ ಬಂದಿರಬಹುದು. ಆಗ ಕುಡಿಯುವ ನೀರಿನ ಬಾವಿಗಳಿಗೆ ಟೆಮೆಫಾಸ್ ಎಂಬ ಕೀಟನಾಶಕ ಹಾಕಿ ಸೈಕ್ಲಾಪ್ಸ್ ಕೊಲ್ಲುತ್ತಿದ್ದರು. ಬಾವಿಯಲ್ಲಿ ಅದು ಸರಿ. ಕೆರೆಯಲ್ಲಿ ಸೈಕ್ಲಾಪ್ಸ್ ಸತ್ತರೆ ಮೀನುಮರಿಯ ಊಟವೇ ಸತ್ತಂತೆ, ಕಾಟ್ಲಾ ತೂಕ ಹುಳುವಿಲ್ಲದೆಯೇ ಬೀಳುತ್ತದೆ.

ಅವರು ಕಣ್ಣಿಡಬೇಕಾದ ಹುಳು ಬೇರೆಯದು: ಏಷ್ಯಾದ ಮೀನು ಲಾಡಿಹುಳು, ಬಾತ್ರಿಯೋಸೆಫಾಲಸ್ ಎಂಬ ಹಳೆಯ ಹೆಸರಿನದು. ಜಪಾನಿನಲ್ಲಿ 1934ರಲ್ಲಿ ಯಮಗುತಿ ಇದನ್ನು ವಿವರಿಸಿದರು. ಹುಲ್ಲುಗೆಂಡೆ, ಸಾಮಾನ್ಯ ಗೆಂಡೆಗಳ ಸಾಗಣೆಯೊಂದಿಗೆ ಜಗತ್ತು ಸುತ್ತಿ, 200ಕ್ಕೂ ಹೆಚ್ಚು ಜಾತಿಯ ಮೀನುಗಳಿಗೆ ಹತ್ತಿದೆ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಪ್ರದೇಶದಲ್ಲಿ ಅಳಿವಿನ ಭೀತಿಯಿರುವ ಹಂಪ್‌ಬ್ಯಾಕ್ ಚಬ್ ಮೀನನ್ನೂ ಬಿಟ್ಟಿಲ್ಲ. ಕಾಶ್ಮೀರದ ಕಾಡು ಮೀನುಗಳಲ್ಲಿ ದಾಖಲಾಗಿದೆ. ಹುಲ್ಲುಗೆಂಡೆ ಭಾರತಕ್ಕೆ ಬಂದದ್ದು 1959ರಲ್ಲಿ. ಇದಕ್ಕೆ ಹಕ್ಕಿಯ ಹಂಗಿಲ್ಲ. ಸೈಕ್ಲಾಪ್ಸಿನಿಂದ ಮೀನಿಗೆ, ಮೀನಿನ ಕರುಳಿನಲ್ಲೇ ಬಲಿತು ಮೊಟ್ಟೆ, ಮತ್ತೆ ನೀರಿಗೆ. 25 ಡಿಗ್ರಿ ಆಸುಪಾಸಿನ ಬೆಚ್ಚನೆ ನೀರು ಅದಕ್ಕೆ ಇಷ್ಟ, ಅಂದರೆ ನಮ್ಮ ಕೆರೆಗಳು. ಬೆರಳುದ್ದದ ಮರಿಯ ಕರುಳು ಕಟ್ಟಿಕೊಂಡು ಮರಿ ಸೊರಗಿ ಸಾಯುತ್ತದೆ, ದೊಡ್ಡ ಮೀನು ಸಹಿಸಿಕೊಂಡು ಮೊಟ್ಟೆ ಹರಡುತ್ತದೆ. ಗುರುತು ಸುಲಭ: ಹುಳು ಕರುಳಿನ ಒಳಗಿರುತ್ತದೆ, ಹೊರಗಲ್ಲ, ಮೈ ತುಂಡುತುಂಡಾಗಿ ಕಾಣುತ್ತದೆ, ತಲೆ ಭೂತಗನ್ನಡಿಯಲ್ಲಿ ಬಾಣದ ಮೊನೆಯಂತೆ.

ಇದು ಕೆರೆಗೆ ಬರುವ ಬಾಗಿಲು ಬಿತ್ತನೆ ಮರಿ. ತಡೆಯುವ ಜಾಗವೂ ಅದೇ. ಹುಲ್ಲುಗೆಂಡೆ, ಸಾಮಾನ್ಯ ಗೆಂಡೆ ಮರಿ ತಂದಾಗ ಒಂದು ತಂಡದಿಂದ 30 ಮರಿ ಕೊಯ್ದು ಕರುಳು ಸೀಳಿ ನೋಡಲಿ. ಹುಳು ಕಂಡರೆ ಮರಿಗಳನ್ನು ತೊಟ್ಟಿಯಲ್ಲಿ ಇರಿಸಿ ಪ್ರಾಜಿಕ್ವಾಂಟೆಲ್ ಸ್ನಾನ ಮಾಡಿಸಬಹುದು. ಲೀಟರಿಗೆ 2 ಮಿಲಿಗ್ರಾಂ ಆಸುಪಾಸಿನ ಪ್ರಮಾಣ ಬಳಕೆಯಲ್ಲಿದೆ, ಅಂದರೆ ಸಾವಿರ ಲೀಟರಿನ ತೊಟ್ಟಿಗೆ 2 ಗ್ರಾಂ ಶುದ್ಧ ಔಷಧಿ. ಮಾತ್ರೆಯ ತೂಕವನ್ನೇ ಔಷಧಿಯ ತೂಕವೆಂದು ಲೆಕ್ಕ ಹಾಕಬಾರದು. ನೀರಿನ ಬಿಸಿ, ಮರಿಯ ಗಾತ್ರ ನೋಡಿ ಪ್ರಮಾಣವನ್ನೂ ಹೊತ್ತನ್ನೂ ಮೀನುಗಾರಿಕೆ ಇಲಾಖೆಯವರಿಂದ ಅಥವಾ ಮೀನುಗಾರಿಕೆ ಕಾಲೇಜಿನ ತಜ್ಞರಿಂದ ಖಚಿತಪಡಿಸಿಕೊಳ್ಳಲಿ. ಔಷಧಿ ನೀರಿನಲ್ಲಿ ಬೇಗ ಕರಗದು, ಮೊದಲು ಸ್ವಲ್ಪ ನೀರಿನಲ್ಲಿ ಚೆನ್ನಾಗಿ ಕದಡಿ ಬೆರೆಸಬೇಕು. ತೊಟ್ಟಿಗೆ ಗಾಳಿ ಊದುತ್ತಿರಬೇಕು. ಬಹಳ ಕಡೆ ತಪ್ಪುವುದು ಇದರ ಮುಂದಿನ ಹೆಜ್ಜೆಯಲ್ಲಿ. ಔಷಧಿ ಹುಳುವನ್ನು ಕೊಲ್ಲುತ್ತದೆ, ಅದರ ಮೊಟ್ಟೆಯನ್ನಲ್ಲ. ಹೊರಬಿದ್ದ ಹುಳುಗಳ ಮೊಟ್ಟೆ ತೊಟ್ಟಿಯ ತಳದಲ್ಲೇ ಇರುತ್ತವೆ. ಆ ನೀರನ್ನು ಮರಿಗಳ ಸಮೇತ ಕೆರೆಗೆ ಸುರಿದರೆ ಚಿಕಿತ್ಸೆ ಮಾಡಿದ್ದೇ ದಂಡ. ಮರಿಗಳನ್ನು ಹೊಸ ನೀರಿಗೆ ಎತ್ತಿ ಹಾಕಿ, ಹಳೆಯ ನೀರನ್ನು ಕೆರೆಗೂ ಕಾಲುವೆಗೂ ಹರಿಯದ ಒಣ ನೆಲದಲ್ಲಿ ಇಂಗಿಸಬೇಕು.

ಊರಿನಲ್ಲಿ ಮೀನು ಕೊಯ್ದಾಗ ಕಂಡ ಎಲ್ಲವೂ ಲಾಡಿಹುಳುವಲ್ಲ ಎಂಬುದನ್ನೂ ತಿಳಿಸಿ. ಬಾಳೆಮೀನಿನ ಗಾಳಿಚೀಲದಲ್ಲಿ ಕಾಣುವ ದಪ್ಪ, ಚಪ್ಪಟೆ, ಎಲೆಯಾಕಾರದ ಹುಳು ಐಸೋಪಾರಾರ್ಕಿಸ್. ಅದರ ಮರಿಗಳು ಬೇರೆ ಮೀನುಗಳ ಮಾಂಸದಲ್ಲಿ ಮಸಿ ಚೆಲ್ಲಿದಂಥ ಕಪ್ಪು ಕಲೆ ಬಿಡುತ್ತವೆ. ಮುಗುಡು ಮೀನಿನ ಕರುಳಿನಲ್ಲಿ ತುಂಡುಗಳಿಲ್ಲದ ಗಿಡ್ಡ ಬಿಳಿ ಲಾಡಿಹುಳು ಸಿಗುತ್ತದೆ, ಅದು ಸೈಕ್ಲಾಪ್ಸಿನಿಂದಲ್ಲ, ಕೆಸರಿನ ಕೆಂಪು ಎರೆಯಂಥ ಹುಳುಗಳಿಂದ ಬರುವಂಥದು. ಇವಾವುದಕ್ಕೂ ಕೆರೆಗೆ ಔಷಧಿ ಬೇಕಿಲ್ಲ.

ಕೆರೆಯಲ್ಲಿ ನಿಜವಾಗಿ ಲಾಡಿಹುಳು ಹೆಚ್ಚಾಗಿದೆ ಎಂದು ಕೊಯ್ದು ನೋಡಿ ಖಚಿತವಾದರೆ, ಇರುವ ಒಳ್ಳೆಯ ಅವಕಾಶ ಬೇಸಿಗೆ. ನೀರು ತಗ್ಗಿದಾಗ ಸಣ್ಣ ಮೀನೂ ಸೇರಿದಂತೆ ಎಲ್ಲವನ್ನೂ ಹಿಡಿದು, ತಳ ಬಿರುಕು ಬಿಡುವಷ್ಟು ಒಣಗಲು ಬಿಟ್ಟರೆ ಹುಳುವಿನ ಮೊಟ್ಟೆ ಒಣಗಿ ಸಾಯುತ್ತದೆ, ಆತಿಥೇಯ ಮೀನೂ ಉಳಿಯುವುದಿಲ್ಲ. ಒದ್ದೆ ಉಳಿದ ಗುಂಡಿಗಳಿಗೆ ಸುಟ್ಟ ಸುಣ್ಣ ಎರಚಬೇಕು, ಸುಣ್ಣ ಕೆಲಸ ಮಾಡುವುದು ತೇವವಿದ್ದಾಗಲೇ. ನಾಲೆ ನೀರು ವರ್ಷವಿಡೀ ಬರುವ ಕೆರೆಯಾದರೆ ಇದು ಆಗದ ಮಾತು. ಆಗ ನೀರು ಬರುವ ತೂಬಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿ ಹೊರಗಿನ ಮೀನನ್ನಾದರೂ ತಡೆಯಬಹುದು. ಸೈಕ್ಲಾಪ್ಸ್ ಆ ಬಲೆಯಲ್ಲಿ ನಿಲ್ಲುವುದಿಲ್ಲ. ಮಳೆ ನೀರಿನ ಕೆರೆಯೋ ನಾಲೆಯ ಕೆರೆಯೋ ನೀವು ಬರೆದಿಲ್ಲ. ತಂದೆಯವರನ್ನು ಕೇಳಿ, ಕಾಟ್ಲಾ ಕೊಯ್ದ ಲೆಕ್ಕದೊಂದಿಗೆ ಬರೆಯಿರಿ.